ಕಿಕ್ಕಿರಿದ ಕಡಲತೀರದಲ್ಲಿ ಕುದುರೆಯ ಪಾಲು

ಕಡಲತೀರದ ಕುದುರೆ ಸವಾರಿಗೆ ದರ ನಿಗದಿಯಾಗುವುದು ಸುತ್ತಿನ ಲೆಕ್ಕದಲ್ಲಿ. ಕೆಲವೇ ನಿಮಿಷಗಳ ಒಂದು ಸುತ್ತು, ಕುದುರೆಯ ಬೆನ್ನೇರಿದ ಮಗುವಿನ ಒಂದು ಭಾವಚಿತ್ರ, ಕೈಯಿಂದ ಕೈಗೆ ದಾಟುವ ಒಂದಿಷ್ಟು ಹಣ. ಅಲ್ಲಿಗೆ ವ್ಯವಹಾರ ಮುಗಿಯುತ್ತದೆ. ಆ ಸುತ್ತಿನ ಮೊದಲೂ ಅನಂತರವೂ ಕುದುರೆ ಬಿಸಿಲಿನಲ್ಲಿ ನಿಂತ ತಾಸುಗಳು, ಅದಕ್ಕೆ ಸಿಗದೆ ಹೋದ ನೀರು, ಗಿರಾಕಿಗಳಿಲ್ಲದ ದಿನಗಳ ಮೇವು, ಅದರ ಗೊರಸು ತುಳಿದ ಮರಳು, ಜನಜಂಗುಳಿಯ ನಡುವೆ ಅದು ಬೆದರಿದರೆ ಸಂಭವಿಸಬಹುದಾದ ಅನಾಹುತ, ಇವು ಯಾವುವೂ ಆ ದರದಲ್ಲಿ ಸೇರಿಲ್ಲ. ಸೇರದೆ ಉಳಿದ ವೆಚ್ಚವನ್ನು ಯಾರಾದರೂ ಭರಿಸಲೇಬೇಕು. ಮೊದಲು ಭರಿಸುವುದು ಕುದುರೆ, ಬಳಿಕ ಅದನ್ನು ಸಾಕಿದವನು, ಕೊನೆಗೆ ಕಡಲತೀರ. ಕಾಡಿನ ಮರಕ್ಕೆ ಬೆಲೆ ಕಟ್ಟುವಾಗ ಮಣ್ಣು, ನೀರು, ನೆರಳುಗಳನ್ನು ಕೈಬಿಟ್ಟು ನಾಟಾದ ಬೆಲೆಯನ್ನಷ್ಟೇ ಎಣಿಸಿದ ಕಾಲವನ್ನು ಕಂಡಿರುವ ಮಲೆನಾಡಿಗೆ ಈ ಬಗೆಯ ಲೆಕ್ಕ ಅಪರಿಚಿತವೇನಲ್ಲ.

ದೇಶದಲ್ಲಿ ಈ ಸವಾರಿಗೆ ಹೆಸರಾದ ತಾಣಗಳಲ್ಲಿ ಚೆನ್ನೈನ ಮರೀನಾ ಕಡಲತೀರ ಮುಖ್ಯವಾದುದು. ಅಂದಿನ ಮದರಾಸಿನ ಗವರ್ನರ್ ಗ್ರಾಂಟ್ ಡಫ್ 1884ರಲ್ಲಿ ಇಲ್ಲಿ ವಾಯುವಿಹಾರದ ಹಾದಿಯನ್ನು ನಿರ್ಮಿಸಿ ಮರೀನಾ ಎಂದು ಹೆಸರಿಟ್ಟ. ಇಂದು ಅದು ಮಹಾನಗರವೊಂದರ ಅಂಗಳ. ಜನವರಿಯ ನಡುವೆ ಬರುವ ಕಾಣುಂ ಪೊಂಗಲ್ ದಿನ ಲಕ್ಷಾಂತರ ಜನ ಅಲ್ಲಿ ನೆರೆಯುತ್ತಾರೆ. ತಿಂಡಿಯಂಗಡಿ, ಗಾಳಿಪಟ, ಬಲೂನು, ಚೆಂಡಾಟಗಳ ನಡುವೆ ದಶಕಗಳಿಂದ ಕುದುರೆಗಳೂ ದುಡಿಯುತ್ತ ಬಂದಿವೆ. ಪಂದ್ಯದ ಮೈದಾನದಲ್ಲಿ ಓಡಲಾಗದೆ ನಿವೃತ್ತವಾದ ಕುದುರೆಗಳು ಕೈಯಿಂದ ಕೈಗೆ ಮಾರಾಟವಾಗುತ್ತ ಕೊನೆಗೆ ಮರಳಿಗೆ ಬಂದು ನಿಲ್ಲುತ್ತವೆ ಎಂಬುದು, ಇರುಳಿನಲ್ಲಿ ಬಿಡಾಡಿಯಾಗಿ ಅಲೆಯುತ್ತ ಕಸದ ರಾಶಿಯಲ್ಲಿ ಹೊಟ್ಟೆ ಹೊರೆಯುತ್ತವೆ ಎಂಬುದು ಪ್ರಾಣಿದಯಾ ಕಾರ್ಯಕರ್ತರ ಬಹುಕಾಲದ ದೂರು. ಜೂಜಿನ ಅಂಕಣದಲ್ಲಿ ಲಕ್ಷಗಟ್ಟಲೆ ಬೆಲೆ ಬಾಳಿದ ಪ್ರಾಣಿಯ ಮುಪ್ಪಿಗೆ ಯಾರೂ ಹೊಣೆಯಲ್ಲ.

ಈ ದೂರಿಗೆ ವಿಚಿತ್ರವಾದ ಪೂರ್ವೇತಿಹಾಸವಿದೆ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಇದೇ ಪೂರ್ವ ಕರಾವಳಿಯನ್ನು ಕಂಡ ವೆನಿಸ್ಸಿನ ಪ್ರವಾಸಿ ಮಾರ್ಕೋ ಪೋಲೋ, ಅರಬ್ಬೀ ನಾಡುಗಳಿಂದ ಇಲ್ಲಿಗೆ ವರ್ಷಂಪ್ರತಿ ಸಾವಿರಾರು ಕುದುರೆಗಳು ಬಂದರೂ ವರ್ಷ ತುಂಬುವುದರೊಳಗೆ ಬಹುಪಾಲು ಸಾಯುತ್ತವೆ ಎಂದು ದಾಖಲಿಸಿದ್ದಾನೆ. ಆರೈಕೆ ಬಲ್ಲವರಿಲ್ಲದಿರುವುದು, ಒಗ್ಗದ ಆಹಾರ ನೀಡುವುದು ಆತ ಕಂಡ ಕಾರಣಗಳು. ಪಶ್ಚಿಮ ಕರಾವಳಿಯ ಭಟ್ಕಳ, ಹೊನ್ನಾವರ ಬಂದರುಗಳಲ್ಲಿ ಇಳಿದ ಕುದುರೆಗಳು ಘಟ್ಟ ಹತ್ತಿ ವಿಜಯನಗರದ ಲಾಯಗಳನ್ನು ಸೇರುತ್ತಿದ್ದವು. 1547ರಲ್ಲಿ ವಿಜಯನಗರವು ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದದ ಮುಖ್ಯ ವಿಷಯವೇ ಕುದುರೆ ವ್ಯಾಪಾರ. ಅಂದರೆ, ದಕ್ಷಿಣದ ಕಡಲತೀರ ಕುದುರೆಗೆ ಬಂದಿಳಿಯುವ ತಾಣವಾಗಿತ್ತೇ ಹೊರತು ಬದುಕುವ ತಾಣವಾಗಿರಲಿಲ್ಲ. ಉಪ್ಪುಗಾಳಿ, ತೇವ, ಸೆಕೆ, ಹಸಿಹುಲ್ಲಿನ ಕೊರತೆಗಳ ನಡುವೆ ಅದನ್ನು ಬದುಕಿಸಿಕೊಳ್ಳಲು ಅರಸರ ಭಂಡಾರವೇ ಬೇಕಾಗಿತ್ತು. ಆ ಹೊಣೆಯನ್ನು ಇಂದು ದಿನಗೂಲಿಯ ಆದಾಯದ ಮೇಲೆ ಹೊರಿಸಲಾಗಿದೆ.

ಕುದುರೆಯ ದೇಹರಚನೆಯನ್ನು ಅರಿತರೆ ಕಡಲತೀರದ ದುಡಿಮೆ ಅದಕ್ಕೆ ಏಕೆ ಕಷ್ಟವೆಂಬುದು ಸ್ಪಷ್ಟವಾಗುತ್ತದೆ. ಹುಲ್ಲುಗಾವಲಿನಲ್ಲಿ ಬಿಟ್ಟ ಕುದುರೆ ದಿನದ ಬಹುಭಾಗವನ್ನು ಮೇಯುವುದರಲ್ಲೇ ಕಳೆಯುತ್ತದೆ. ಅದರ ಜಠರ ದೇಹದ ಗಾತ್ರಕ್ಕೆ ಹೋಲಿಸಿದರೆ ಚಿಕ್ಕದು; ದೀರ್ಘಕಾಲ ಬರಿದಾಗಿ ಉಳಿದರೆ ಹುಣ್ಣಾಗುತ್ತದೆ. ತಂಪು ಹವೆಯಲ್ಲೇ ದಿನಕ್ಕೆ ಸುಮಾರು 25ರಿಂದ 40 ಲೀಟರ್ ನೀರು ಬೇಕು. ದುಡಿಮೆ ಮತ್ತು ಬಿಸಿಲು ಕೂಡಿದರೆ ಇನ್ನೂ ಹೆಚ್ಚು. ಮನುಷ್ಯನಂತೆ ಅದೂ ಬೆವರಿಯೇ ದೇಹವನ್ನು ತಣಿಸಿಕೊಳ್ಳಬೇಕು; ಬೆವರಿನೊಡನೆ ಅಪಾರ ಲವಣವೂ ಹೋಗುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಬೇಗ ಆರದು, ಮೈ ತಣಿಯದು. ಮರಳಿನ ಮೇಲೆ ಚೆಲ್ಲಿದ ಮೇವನ್ನು ತಿಂದಾಗ ಮರಳೂ ಹೊಟ್ಟೆ ಸೇರಿ ಕರುಳಿನಲ್ಲಿ ಶೇಖರವಾಗುತ್ತದೆ. ವಾಂತಿ ಮಾಡುವ ಶಕ್ತಿ ಕುದುರೆಗೆ ಇಲ್ಲವಾದ್ದರಿಂದ ಹೊಟ್ಟೆನೋವು ಅದಕ್ಕೆ ಮಾರಣಾಂತಿಕವಾಗಬಲ್ಲದು. ಸಡಿಲ ಮರಳಿನಲ್ಲಿ ಪ್ರತಿ ಹೆಜ್ಜೆಯೂ ಹೂತು ಏಳುವುದರಿಂದ ಕಾಲಿನ ಸ್ನಾಯುರಜ್ಜುಗಳು ಜಗ್ಗಿ ನೋಯುತ್ತವೆ.

ಭಾರದ ಪ್ರಶ್ನೆಯೂ ಇದೆ. ಅಮೆರಿಕದ ಓಹಿಯೋದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಮ್ಮ ತೂಕದ ಶೇಕಡಾ 15 ಮತ್ತು 20ರಷ್ಟು ಭಾರ ಹೊತ್ತ ಕುದುರೆಗಳಿಗಿಂತ ಶೇಕಡಾ 25 ಮತ್ತು 30ರಷ್ಟು ಹೊತ್ತ ಕುದುರೆಗಳ ಸ್ನಾಯುಗಳಲ್ಲಿ ನೋವು, ಬಿಗಿತ ಹೆಚ್ಚು ಕಂಡವು. ಐದನೆಯ ಒಂದು ಭಾಗ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಿತಿ. 250 ಕಿಲೋ ತೂಗುವ ತಟ್ಟುವೊಂದು ಈ ಲೆಕ್ಕದಂತೆ ಜೀನೂ ಸೇರಿ ಹೊರಬಹುದಾದದ್ದು 50 ಕಿಲೋ ಮಾತ್ರ. ಶಾಲಾಬಾಲಕನನ್ನು ಅದು ಹೊತ್ತೀತು. ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ವಯಸ್ಕನನ್ನು ಹೊರಿಸುವುದು ಅನ್ಯಾಯ. ಹೊರೆ ಹೊರುವ ಪ್ರಾಣಿಗಳಿಗಾಗಿ ಕೇಂದ್ರ ಸರಕಾರ 1965ರಲ್ಲಿ ರೂಪಿಸಿದ ನಿಯಮಗಳೂ ತಟ್ಟುವಿನ ಮೇಲಿನ ಹೊರೆಗೆ 70 ಕಿಲೋಗಳ ಮಿತಿ ಹಾಕಿವೆ.

ಜನರ ಸುರಕ್ಷತೆಯ ದೃಷ್ಟಿಯಿಂದಲೂ ಕಿಕ್ಕಿರಿದ ತೀರ ಕುದುರೆಗೆ ತಕ್ಕ ಜಾಗವಲ್ಲ. ಕುದುರೆ ಮೂಲತಃ ಬೇಟೆಗೆ ಗುರಿಯಾಗಿದ್ದ ಪ್ರಾಣಿ. ಅಪಾಯ ಕಂಡರೆ ಓಡುವುದೇ ಅದರ ರಕ್ಷಣೆ. ತಲೆಯ ಇಕ್ಕೆಲಗಳಲ್ಲಿರುವ ಕಣ್ಣುಗಳಿಂದ ಅದು ಬಹುತೇಕ ಸುತ್ತಲನ್ನೂ ನೋಡಬಲ್ಲದಾದರೂ ಹಣೆಯ ನೇರ ಮುಂದಿನದು, ಬಾಲದ ನೇರ ಹಿಂದಿನದು ಕಾಣಿಸದು. ಮಕ್ಕಳು ಓಡಿಬರುವುದು ಆ ಎರಡು ದಿಕ್ಕುಗಳಿಂದಲೇ. ಗಾಳಿಪಟದ ಪಟಪಟ, ಬಲೂನು ಒಡೆದ ಸದ್ದು, ತಟ್ಟನೆ ಮೇಲೇಳುವ ಅಲೆ, ನಾಯಿಯ ಬೊಗಳು, ಯಾವುದು ಸಾಕು ಅದು ಬೆದರಲು? ಜೀನಿನ ಮೇಲಿರುವವರಿಗೆ ಲಗಾಮು ಹಿಡಿದು ಗೊತ್ತಿಲ್ಲ, ತಲೆಗೆ ಶಿರಸ್ತ್ರಾಣವಿಲ್ಲ. ಹಗ್ಗ ಹಿಡಿದು ಪಕ್ಕದಲ್ಲಿ ಓಡುವ ಹುಡುಗನೊಬ್ಬನ ತೋಳ್ಬಲವೇ ಎಲ್ಲರ ರಕ್ಷಣೆ.

ಇದಲ್ಲದೆ ಕುದುರೆಗೆ ಓಡಲು ಅನುಕೂಲವಾದದ್ದು ಅಲೆ ತೊಯ್ದು ಗಟ್ಟಿಯಾದ ಮರಳಿನ ಪಟ್ಟಿ. ಮಕ್ಕಳು ಆಡುವುದೂ, ವೃದ್ಧರು ನಡೆಯುವುದೂ, ಮುಳುಗುವವರ ಕಡೆಗೆ ಜೀವರಕ್ಷಕರು ಧಾವಿಸುವುದೂ ಅದೇ ಪಟ್ಟಿಯ ಮೇಲೆ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಆ ದುರಂತಕ್ಕೂ ಕುದುರೆಗೂ ಸಂಬಂಧವಿಲ್ಲ. ಆದರೆ ನೀರಿನಂಚಿನ ಪಟ್ಟಿ ಸದಾ ತೆರವಾಗಿರಬೇಕು, ಕಾವಲುಗಾರರ ಕಣ್ಣಿಗೆ ಅಡ್ಡಿಯಿರಬಾರದು ಎಂಬ ಪಾಠವನ್ನು ಅದರಿಂದ ಕಲಿಯದಿದ್ದರೆ ಆ ಮಕ್ಕಳ ಸಾವಿಗೆ ಸಮಾಜ ಉತ್ತರ ಕೊಟ್ಟಂತಾಗದು.

ಇನ್ನು ತೀರದ ಸ್ವಂತ ಜೀವಿಗಳ ಮಾತು. ನೋಡುವವರಿಗೆ ಬರಡು ಮರಳಾಗಿ ತೋರುವ ಜಾಗದಲ್ಲಿ ಏಡಿಗಳ ಬಿಲಗಳಿವೆ. ಅಲೆಯಂಚಿನ ಹುಳು, ಚಿಪ್ಪುಜೀವಿಗಳನ್ನು ನಂಬಿ ದೂರದೇಶಗಳಿಂದ ಬಂದ ಹಕ್ಕಿಗಳು ಚಳಿಗಾಲ ಕಳೆಯುತ್ತವೆ. ಮೇಲ್ಭಾಗದ ದಿಬ್ಬಗಳಲ್ಲಿ ಅಡುಂಬು ಬಳ್ಳಿ, ರಾವಣನ ಮೀಸೆ ಹುಲ್ಲುಗಳು ಮರಳನ್ನು ಹಿಡಿದಿಟ್ಟಿವೆ. ಘಟ್ಟದ ಇಳಿಜಾರಿನ ಹುಲ್ಲುಹೊದಿಕೆ ಕಿತ್ತರೆ ಮಣ್ಣು ಜಾರುವಂತೆ, ಇಲ್ಲಿ ಬಳ್ಳಿ ತುಳಿದು ಸತ್ತರೆ ಮರಳು ಹಾರುತ್ತದೆ, ಕಡಲು ಒಳನುಗ್ಗುತ್ತದೆ. ಚೆನ್ನೈನ ತೀರದಲ್ಲೂ ಉತ್ತರ ಕನ್ನಡದ ತೀರದಲ್ಲೂ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುವುದು ಚಳಿಗಾಲ ಮತ್ತು ಬೇಸಗೆಯ ಆರಂಭದಲ್ಲಿ. ಅಂದರೆ ಪ್ರವಾಸಿಗರ ದಟ್ಟಣೆಯ ಕಾಲದಲ್ಲೇ. ತಾಯಿ ಆಮೆ ಸುಮಾರು ಒಂದೂವರೆ ಅಡಿ ಆಳ ತೋಡಿ ನೂರರ ಆಸುಪಾಸು ಮೊಟ್ಟೆಗಳನ್ನಿಟ್ಟು ಮರಳು ಮುಚ್ಚಿ ಹೋಗುತ್ತದೆ. ಮರಿ ಹೊರಬರಲು 45ರಿಂದ 60 ದಿನಗಳು ಬೇಕು. ಅಷ್ಟು ಕಾಲವೂ ಮೇಲಿನ ಮರಳು ಸಡಿಲವಾಗಿರಬೇಕು. ನೂರಾರು ಕಿಲೋ ಭಾರದ ಗೊರಸು ಅದೇ ಜಾಗವನ್ನು ದಿನವೂ ತುಳಿದರೆ ಮರಳು ಗಟ್ಟಿಯಾಗುತ್ತದೆ. ಗೊರಸಿನ ಗುಂಡಿಗಳು ಬೆರಳುದ್ದದ ಮರಿಗಳಿಗೆ ಹಳ್ಳಗಳಾಗುತ್ತವೆ. ಚೆನ್ನೈನಲ್ಲಿ 1988ರಿಂದ ವಿದ್ಯಾರ್ಥಿಗಳ ಕಡಲಾಮೆ ಸಂರಕ್ಷಣಾ ಜಾಲವೊಂದು ಇರುಳಿನಲ್ಲಿ ತೀರದುದ್ದಕ್ಕೂ ನಡೆದು ಗೂಡುಗಳನ್ನು ಕಾಯುತ್ತ ಬಂದಿದೆ. ಒಂದು ಪೀಳಿಗೆ ಇರುಳಿಡೀ ಕಾಯ್ದದ್ದನ್ನು ಇನ್ನೊಂದು ಹಗಲಿನಲ್ಲಿ ತುಳಿದು ಕೆಡಿಸಬಾರದು.

ತೀರದ ಮೇಲೆ ಬೀಳುವ ಸಗಣಿಯನ್ನೂ ಮರೆಯುವಂತಿಲ್ಲ. ಒಂದು ಕುದುರೆ ದಿನಕ್ಕೆ ಸುಮಾರು 15ರಿಂದ 20 ಕಿಲೋ ಲದ್ದಿ ಹಾಕುತ್ತದೆ. ತೋಟದಲ್ಲಿ ಅದು ಗೊಬ್ಬರ. ಮಕ್ಕಳು ಬರಿಗಾಲಲ್ಲಿ ಆಡುವ ಮರಳಿನಲ್ಲಿ ಅದು ಧನುರ್ವಾಯು ರೋಗಾಣುಗಳ ತವರು. ಗ್ಲಾಂಡರ್ಸ್ ಎಂಬ ಕುದುರೆ ರೋಗ ಮನುಷ್ಯರಿಗೂ ತಗಲಬಲ್ಲದು. ಅದಕ್ಕೆ ಲಸಿಕೆಯಿಲ್ಲ, ರೋಗ ದೃಢಪಟ್ಟ ಕುದುರೆಯನ್ನು ದಯಾಮರಣಕ್ಕೆ ಒಳಪಡಿಸುವುದೇ ನಿಯಮ. ನಿಯತವಾಗಿ ರಕ್ತಪರೀಕ್ಷೆ ನಡೆಸದೆ ಜನಸಂದಣಿಯಲ್ಲಿ ಕುದುರೆಗಳನ್ನು ದುಡಿಸುವುದು ಸಾಕುವವನ ಮನೆಮಂದಿಗೇ ಮೊದಲ ಅಪಾಯ.

ಕಾನೂನು ಇಲ್ಲವೇ? ಇದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಮಿತಿಮೀರಿ ಸವಾರಿ ಮಾಡುವುದು, ಹೆಚ್ಚು ಹೊರೆ ಹೊರಿಸುವುದು, ಗಾಯಗೊಂಡ, ಕುಂಟುವ, ರೋಗಿಷ್ಠ, ಮುದಿ ಪ್ರಾಣಿಯನ್ನು ದುಡಿಸುವುದು ಅಪರಾಧ. ಆದರೆ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ. ದಶಕಗಳ ಹಿಂದೆ ಗೊತ್ತುಮಾಡಿದ ಮೊತ್ತವಿದು. ಅಷ್ಟು ಹಣಕ್ಕೆ ಇಂದು ಒಂದು ಸುತ್ತು ಸವಾರಿಯೂ ಸಿಗುವುದು ಕಷ್ಟ. 1965ರ ನಿಯಮಗಳಂತೆ ಎಳೆಯುವ, ಹೊರುವ ಪ್ರಾಣಿಗಳನ್ನು ದಿನಕ್ಕೆ ಒಟ್ಟು ಒಂಬತ್ತು ತಾಸಿಗಿಂತ ಹೆಚ್ಚು, ವಿರಾಮವಿಲ್ಲದೆ ಐದು ತಾಸಿಗಿಂತ ಹೆಚ್ಚು ದುಡಿಸಬಾರದು. ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮೀರಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಲೇಬಾರದು. ಗಾಡಿ, ಹೊರೆಗಳನ್ನು ಮನದಲ್ಲಿಟ್ಟು ಬರೆದ ನಿಯಮವಾದರೂ ಮೋಜಿನ ಸವಾರಿಗೂ ಇದಕ್ಕಿಂತ ಸಡಿಲವಾದ ಅಳತೆಗೋಲು ಸಲ್ಲದು. ಮರಳಿನ ಮೇಲೆ ಉಷ್ಣಮಾಪಕ ಹಿಡಿದು ನಿಲ್ಲುವವರು ಯಾರು ಎಂಬುದೊಂದೇ ಪ್ರಶ್ನೆ.

ಇಷ್ಟೆಲ್ಲ ಓದಿದವರು ಕುದುರೆಯವನನ್ನು ಖಳನಾಯಕನೆಂದು ಭಾವಿಸಿದರೆ ಅದು ಇನ್ನೊಂದು ಅನ್ಯಾಯವಾದೀತು. ಸಾಮಾನ್ಯವಾಗಿ ಆತ ಭೂಮಿಯಿಲ್ಲದವನು, ಸಾಲ ಮಾಡಿ ಪ್ರಾಣಿ ಕೊಂಡವನು. ಮಳೆಗಾಲದಲ್ಲಿ ಕಡಲು ಉಕ್ಕಿದಾಗ ತೀರ ಬರಿದಾಗುತ್ತದೆ. ಕೊರೊನಾ ಕಾಲದ 2020ರಲ್ಲಂತೂ ತಿಂಗಳುಗಟ್ಟಲೆ ಪ್ರವಾಸಿಗರ ಸುಳಿವೇ ಇರಲಿಲ್ಲ. ಆದಾಯ ನಿಂತರೂ ಕುದುರೆಯ ಹೊಟ್ಟೆ ನಿಲ್ಲದು. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 6.3 ಲಕ್ಷ ಇದ್ದ ಕುದುರೆ ಮತ್ತು ತಟ್ಟುಗಳು 2019ರ ಗಣತಿಗೆ 3.4 ಲಕ್ಷಕ್ಕೆ ಇಳಿದವು. ಜಟಕಾ ಹೋಯಿತು, ಹೊರೆಯ ಕೆಲಸ ಯಂತ್ರಗಳ ಪಾಲಾಯಿತು. ಉಳಿದ ಕೆಲವೇ ಉದ್ಯೋಗಗಳಲ್ಲಿ ಮದುವೆಯ ಮೆರವಣಿಗೆ, ಪ್ರವಾಸಿಗರ ಸವಾರಿಗಳು ಸೇರಿವೆ. ಆ ಕೊನೆಯ ಕೊಂಬೆಗೆ ಜೋತುಬಿದ್ದವನ ಕೈಯನ್ನು ಬಿಡಿಸುವ ಮುನ್ನ ಕೆಳಗೆ ನೆಲವಿದೆಯೇ ಎಂದು ನೋಡುವುದು ನ್ಯಾಯ.

ಮುಂಬಯಿಯ ಅನುಭವ ಈ ವಿಷಯದಲ್ಲಿ ಗಮನಾರ್ಹ. ಅಲ್ಲಿನ ವಿಕ್ಟೋರಿಯಾ ಎಂಬ ಅಲಂಕೃತ ಕುದುರೆಗಾಡಿಗಳ ಮೋಜಿನ ಸಂಚಾರ ಕಾನೂನುಬಾಹಿರವೆಂದು ಬಾಂಬೆ ಹೈಕೋರ್ಟ್ 2015ರ ಜೂನ್‌ನಲ್ಲಿ ತೀರ್ಪಿತ್ತಿತು. ಒಂದೇ ದಿನದಲ್ಲಿ ನಿಲ್ಲಿಸಿ ಎನ್ನದೆ ಒಂದು ವರ್ಷದ ಕಾಲಾವಕಾಶವಿತ್ತು, ಗಾಡಿಯನ್ನು ನಂಬಿದ ಕುಟುಂಬಗಳಿಗೆ ಪುನರ್ವಸತಿ ಕಲ್ಪಿಸುವ ಹೊಣೆಯನ್ನು ಸರಕಾರಕ್ಕೆ ಒಪ್ಪಿಸಿತು. 2021ರಲ್ಲಿ ಅದೇ ಮಾದರಿಯ ವಿದ್ಯುತ್ ಗಾಡಿಗಳು ಅಲ್ಲಿ ರಸ್ತೆಗಿಳಿದವು. ತೀರ್ಪಿಗೂ ಬದಲಿ ಗಾಡಿಗೂ ನಡುವೆ ಸುಮಾರು ಆರು ವರ್ಷಗಳ ಅಂತರವಿತ್ತು. ನಿಷೇಧ ಮೊದಲು ಬಂದು ಬದಲಿ ಬದುಕು ಬಹಳ ಹಿಂದೆ ಉಳಿದಾಗ ನಡುವಿನ ವರ್ಷಗಳನ್ನು ಬಡವನೂ ಆತನ ಪ್ರಾಣಿಯೂ ಹೇಗೋ ಕಳೆಯಬೇಕಾಗುತ್ತದೆ. ನಿಷೇಧಕ್ಕೆ ಅಂಜಿ ಮಾರಿದ ಕುದುರೆ ಹುಲ್ಲುಗಾವಲಿಗೆ ಹೋಗುವುದಿಲ್ಲ, ಕಾನೂನಿನ ಕಣ್ಣು ತಲಪದ ಮತ್ತೊಂದು ಊರಿಗೆ ಹೋಗುತ್ತದೆ.

ಆ ಮತ್ತೊಂದು ಊರು ಗುಡ್ಡದ ಮೇಲಿರುವ ಸಾಧ್ಯತೆಯೇ ಹೆಚ್ಚು. ಊಟಿಯ ಸರೋವರದ ಬಳಿ, ಕೊಡೈಕೆನಾಲಿನಲ್ಲಿ ಕುದುರೆ ಸವಾರಿ ಹಳೆಯ ಆಕರ್ಷಣೆ. ಊಟಿಯ ಬೀದಿಗಳಲ್ಲಿ ದುಡಿಮೆಯಿಲ್ಲದ ಹೊತ್ತು ಬಿಡಾಡಿಯಾಗಿ ಅಲೆಯುತ್ತ ಕಸ ಮೇಯುವ ಕುದುರೆಗಳು ಅಲ್ಲಿನ ನಿವಾಸಿಗಳಿಗೂ ವಾಹನ ಸವಾರರಿಗೂ ನಿತ್ಯದ ಸಮಸ್ಯೆ. ಮಲೆನಾಡಿನ ವೀಕ್ಷಣಾ ತಾಣಗಳಲ್ಲಿ ವಾರಾಂತ್ಯದ ವಾಹನ ಸಾಲು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ. ಜೀಪಿನ ಹಿಂದೆಯೇ ಕುದುರೆಯೂ ಬಂದರೆ ಶೋಲಾ ಅಂಚಿನ ಹುಲ್ಲುಗಾವಲಿನ ತೆಳು ಮಣ್ಣಿಗೆ ಆಗುವ ಹಾನಿ ಮರಳಿಗಾಗುವ ಹಾನಿಗಿಂತ ಕಡಿಮೆಯಲ್ಲ. ಆದಕಾರಣ ಕಡಲತೀರದ ಕುದುರೆಯ ಪ್ರಶ್ನೆಯನ್ನು ಕರಾವಳಿಯವರ ತಲೆನೋವೆಂದು ಘಟ್ಟದ ಮೇಲಿನವರು ಕೈತೊಳೆದುಕೊಳ್ಳುವಂತಿಲ್ಲ.

ಕರ್ನಾಟಕದ ಕೆಲವು ಕಡಲತೀರಗಳಲ್ಲೂ ಕುದುರೆ, ಒಂಟೆಗಳ ಸವಾರಿ ಕಾಣಿಸುತ್ತಿದೆ. ಮರೀನಾದಷ್ಟು ಬೇರೂರುವ ಮುನ್ನವೇ ನಿಯಮ ರೂಪಿಸಲು ಇಲ್ಲಿ ಅವಕಾಶವಿದೆ. 2020ರಲ್ಲಿ ನೀಲಿ ಬಾವುಟ ಮನ್ನಣೆ ಪಡೆದ ಹೊನ್ನಾವರದ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿ ತೀರಗಳಿಗೆ ವಿಧಿಸಿದ ಅಂತಾರಾಷ್ಟ್ರೀಯ ಮಾನದಂಡಗಳಲ್ಲಿ ಸಾಕುಪ್ರಾಣಿಗಳ ಪ್ರವೇಶದ ಮೇಲೆ ಕಟ್ಟುನಿಟ್ಟಿನ ನಿಯಂತ್ರಣವೂ ಒಂದು. ಎರಡು ತೀರಗಳಲ್ಲಿ ಸಾಧ್ಯವಾದ ಶಿಸ್ತು ಉಳಿದ ತೀರಗಳಿಗೆ ಅಸಾಧ್ಯವೆನ್ನಲು ಕಾರಣವಿಲ್ಲ.

ಆಗಬೇಕಾದದ್ದು ಬಹಳವೇನಲ್ಲ. ಕಡಲಾಮೆ ಗೂಡಿಡುವ ತೀರಗಳು ಮತ್ತು ಮರಳುದಿಬ್ಬಗಳು ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯಲ್ಲಿ ಅತಿಸೂಕ್ಷ್ಮ ಪ್ರದೇಶಗಳೆಂದು ಗುರುತಾಗಿವೆ. ಅಲ್ಲಿ ಸವಾರಿಗೆ ಎಡೆಯೇ ಇರಬಾರದು. ಕಿಕ್ಕಿರಿದ ತೀರಗಳಲ್ಲಿ, ವಿಶೇಷವಾಗಿ ರಜೆ ಮತ್ತು ಹಬ್ಬದ ದಿನಗಳಲ್ಲಿ, ನೀರಿನಂಚಿನ ಪಟ್ಟಿಯನ್ನು ಜನರಿಗೆ ಮಾತ್ರ ಮೀಸಲಿಡಬೇಕು. ಈಗಾಗಲೇ ಸವಾರಿ ಇರುವ ಕಡೆ ಪ್ರಾಣಿಗಳ ಸಂಖ್ಯೆ ಗೊತ್ತುಮಾಡಿ ಹೊಸ ಸೇರ್ಪಡೆ ನಿಲ್ಲಿಸಬೇಕು. ಬೇಲಿ ಹಾಕಿದ ಪ್ರತ್ಯೇಕ ಅಂಕಣ, ನೆರಳಿನ ಚಪ್ಪರ, ಸಿಹಿನೀರಿನ ತೊಟ್ಟಿ ಇರಬೇಕು. ಪಶುವೈದ್ಯರು ಕಾಲಕಾಲಕ್ಕೆ ಪರೀಕ್ಷಿಸಿ ಅರ್ಹತೆಯ ಪತ್ರ ಕೊಡಬೇಕು. ಹೊರಬಹುದಾದ ತೂಕವನ್ನು ಜನರಿಗೆ ಕಾಣುವಂತೆ ಬರೆದಿಡಬೇಕು. ತೀರದ ಗುತ್ತಿಗೆಯಿಂದ, ವಾಹನ ನಿಲುಗಡೆಯಿಂದ ಬರುವ ಹಣದಲ್ಲಿ ಒಂದು ಪಾಲು ಮಳೆಗಾಲದ ಮೇವಿಗೂ ಚಿಕಿತ್ಸೆಗೂ ಸಲ್ಲಬೇಕು. ಈ ವೃತ್ತಿಯನ್ನು ಬಿಡಲು ಒಪ್ಪುವವನಿಗೆ ತೀರದಲ್ಲೇ ಅಂಗಡಿಯ ಜಾಗ, ಸ್ವಚ್ಛತೆಯ ಅಥವಾ ಕಾವಲಿನ ಕೆಲಸ ಮೊದಲು ಸಿಗಬೇಕು, ಕುದುರೆಗೆ ಆಶ್ರಯ ದೊರೆಯಬೇಕು; ಆಮೇಲೆ ನಿಷೇಧದ ಫಲಕ ಏಳಬಹುದು. ಇವನ್ನು ಪಾಲಿಸಲಾಗದ ಸ್ಥಳೀಯ ಆಡಳಿತ ಸವಾರಿಗೆ ಅನುಮತಿ ನೀಡುವ ನೈತಿಕ ಅಧಿಕಾರವನ್ನೂ ಕಳೆದುಕೊಳ್ಳುತ್ತದೆ.

ಸರಕಾರದ ಆದೇಶ ಬರುವ ತನಕ ಕಾಯಬೇಕಾಗಿಲ್ಲದ ಕೆಲಸವೊಂದು ಮಲೆನಾಡಿನ ಶಾಲೆ, ಕಾಲೇಜುಗಳ ಕೈಯಲ್ಲೇ ಇದೆ. ಡಿಸೆಂಬರ್, ಜನವರಿಗಳಲ್ಲಿ ಪ್ರವಾಸದ ಬಸ್ಸುಗಳು ಘಟ್ಟ ಇಳಿಯುವ ಮುನ್ನ ಅಧ್ಯಾಪಕರು ಒಂದು ತಾಸನ್ನು ಈ ವಿಷಯಕ್ಕೆ ಮೀಸಲಿಡಬಹುದು. ಸವಾರಿಗೆ ಮಿಗಿಸಿದ ಹಣವನ್ನು ಕಡಲಾಮೆಯ ಗೂಡು ಕಾಯುವ ಮೀನುಗಾರರೊಡನೆ, ಅರಣ್ಯ ಸಿಬ್ಬಂದಿಯೊಡನೆ ಒಂದು ಮುಂಜಾನೆ ನಡೆದು ನೋಡಲು ಬಳಸಬಹುದು. ಕುಂಟುವ, ಬೆನ್ನು ಹುಣ್ಣಾದ, ಎಲುಬು ಕಾಣುವ ಪ್ರಾಣಿಯನ್ನು ಕಂಡರೆ ಅದರ ಮೇಲೇರದಿರುವುದು, ಸ್ಥಳೀಯ ಪಂಚಾಯಿತಿಗೂ ಪಶುವೈದ್ಯ ಇಲಾಖೆಗೂ ಬರವಣಿಗೆಯಲ್ಲಿ ತಿಳಿಸುವುದು ಪ್ರತಿ ವಿದ್ಯಾರ್ಥಿಗೂ ಸಾಧ್ಯ. ಕುದುರೆಯವನೊಡನೆ ಮಾತನಾಡಿ, ಪ್ರಾಣಿ ಎಷ್ಟು ಹೊತ್ತಿನಿಂದ ನಿಂತಿದೆ, ನೀರು ಕುಡಿದದ್ದು ಯಾವಾಗ, ಮಳೆಗಾಲದಲ್ಲಿ ಅದನ್ನು ಹೇಗೆ ಸಾಕುತ್ತೀರಿ ಎಂದು ಗೌರವದಿಂದ ಕೇಳಿ ಬರೆದುಕೊಳ್ಳುವುದೂ ಒಂದು ಅಧ್ಯಯನವೇ. ಅಂಥ ಹತ್ತು ಶಾಲೆಗಳ ಟಿಪ್ಪಣಿಗಳು ಜಿಲ್ಲಾಡಳಿತದ ಮೇಜಿನ ಮೇಲೆ ಬಂದರೆ, ಸುತ್ತಿನ ದರದಲ್ಲಿ ಈವರೆಗೆ ಸೇರದೆ ಉಳಿದ ವೆಚ್ಚಗಳು ಮೊದಲ ಬಾರಿಗೆ ಲೆಕ್ಕಕ್ಕೆ ಬಂದಾವು.